ಬಸ್ಸಿಳಿದು ಹೊಳೆದಂಡೆಗೆ: ಮೈಸೂರು–ಮಂಡ್ಯ ಸೀಮೆಯ ಕೆರೆ, ನದಿ ನಡಿಗೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾವೇರಿ, ಕಪಿಲೆ, ಲೋಕಪಾವನಿ, ಶಿಂಷಾ ಹರಿಯುವ ಸೀಮೆ ಇದು. ಊರಿಗೊಂದು ಕೆರೆ, ಕೆರೆಗೊಂದು ಏರಿ. ಎಷ್ಟೋ ಕಡೆ ಆ ಏರಿಯೇ ಬಸ್ ಓಡಾಡುವ ರಸ್ತೆ. ಇಲ್ಲಿ ನೀರಿನ ಹತ್ತಿರ ನಡೆಯಬೇಕೆಂದರೆ ಕಾರು ಬೇಕಿಲ್ಲ. ಬಸ್ಸಿನ ಹೊತ್ತು ಗೊತ್ತಿರಬೇಕು, ನೀರಿನ ಹೊತ್ತೂ ಗೊತ್ತಿರಬೇಕು. ಜನ ಹೆಚ್ಚಾಗಿ ಕೇಳುವುದನ್ನು ಅವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇವೆ.

## ಹೊರಡುವ ಮೊದಲು

ಒಂದು ಸಲವೂ ಹೀಗೆ ಹೋಗಿಲ್ಲ. ಮೊದಲು ಯಾವ ಜಾಗಕ್ಕೆ ಹೋಗಲಿ?

ನಂಜನಗೂಡಿಗೆ ಹೋಗಿ. ಮೈಸೂರಿನಿಂದ 25 ಕಿ.ಮೀ. ಒಳಗೇ ಇದೆ, ಬೆಳಿಗ್ಗೆಯಿಂದ ರಾತ್ರಿವರೆಗೆ ಬಸ್ಸಿಗೆ ಬರವಿಲ್ಲ, ರೈಲೂ ಇದೆ. ನಿಲ್ದಾಣದಿಂದ ಹೊಳೆ ನಡೆದು ಹೋಗುವಷ್ಟು ಹತ್ತಿರ. ದಾರಿ ತಪ್ಪಿದರೂ ದೇವಸ್ಥಾನದ ಗೋಪುರ ಎಲ್ಲಿಂದಲೂ ಕಾಣುತ್ತದೆ. ಅರ್ಧ ದಿನ ಸಾಕು. ಇಡೀ ದಿನ ಬಿಡುವಿದ್ದರೆ ಶ್ರೀರಂಗಪಟ್ಟಣ. ತೊಣ್ಣೂರು, ತಲಕಾಡುಗಳನ್ನು ಎರಡು ಮೂರು ಸಲ ನಡೆದು ಅಭ್ಯಾಸವಾದ ಮೇಲೆ ಇಟ್ಟುಕೊಳ್ಳಿ. ಅಲ್ಲಿ ಬಸ್ ತಪ್ಪಿದರೆ ಮುಂದಿನದಕ್ಕೆ ಬಹಳ ಹೊತ್ತು ಕಾಯಬೇಕಾಗುತ್ತದೆ.

ಮೈಸೂರಲ್ಲಿ ಎರಡು ಬಸ್ ಸ್ಟ್ಯಾಂಡ್ ಇದೆಯಲ್ಲ, ಯಾವುದಕ್ಕೆ ಹೋಗ್ಬೇಕು?

ಕೆಆರ್‌ಎಸ್‌ಗೆ, ಶ್ರೀರಂಗಪಟ್ಟಣಕ್ಕೆ ಅರಮನೆ ಹತ್ತಿರದ ನಗರ ಬಸ್ ನಿಲ್ದಾಣದಿಂದ ಹೋಗಿ. ಪಾಂಡವಪುರ, ಮದ್ದೂರು, ತಿ. ನರಸೀಪುರ, ತಲಕಾಡು ಕಡೆಗಾದರೆ ಗ್ರಾಮಾಂತರ ನಿಲ್ದಾಣ, ಅಂದರೆ ಎಲ್ಲರೂ ‘ಸಬರ್ಬ್’ ಎನ್ನುವುದು. ಎರಡೂ ನಿಲ್ದಾಣಗಳ ನಡುವೆ ನಡೆದೇ ಹೋಗಬಹುದು, ಆಟೋ ಬೇಕಿಲ್ಲ. ಪ್ಲಾಟ್‌ಫಾರ್ಮ್ ಆಗಾಗ ಬದಲಾಗುವುದರಿಂದ ಬೋರ್ಡನ್ನೇ ನಂಬಿ ನಿಲ್ಲಬೇಡಿ. ವಿಚಾರಣೆ ಕೌಂಟರಿನಲ್ಲಿ ಊರಿನ ಹೆಸರಿನ ಜೊತೆ ‘ಯಾವ ಮಾರ್ಗವಾಗಿ’ ಎಂದೂ ಕೇಳಿ. ಒಂದೇ ಊರಿಗೆ ಹೋಗುವ ಎರಡು ಬಸ್ಸುಗಳು ಬೇರೆ ಬೇರೆ ಹಳ್ಳಿ ಬಳಸಿ ಹೋಗುವುದು ಇಲ್ಲಿ ಮಾಮೂಲು.

ಬೆಂಗಳೂರಿಂದ ಬರ್ತೀವಿ. ಶ್ರೀರಂಗಪಟ್ಟಣದಲ್ಲಿ ಎಲ್ಲಾ ಬಸ್ಸೂ ನಿಲ್ಲಿಸ್ತಾವಾ?

ಇಲ್ಲ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್ ಹೆದ್ದಾರಿ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಹೊರಗಿನಿಂದಲೇ ಬಳಸಿಕೊಂಡು ಹೋಗುತ್ತದೆ. ತಡೆರಹಿತ ಬಸ್ ಹತ್ತಿದರೆ ಊರು ದೂರದಲ್ಲಿ ಕಂಡು ಹಿಂದೆ ಸರಿಯುತ್ತದೆ ಅಷ್ಟೆ. ಹತ್ತುವ ಮುನ್ನ ಕಂಡಕ್ಟರನ್ನು ‘ಊರೊಳಗೆ ಹೋಗುತ್ತಾ, ಬೈಪಾಸಾ?’ ಎಂದು ಕೇಳಿ. ಬೈಪಾಸ್ ಬಸ್ಸಿನವರು ‘ಪಕ್ಕದಲ್ಲಿ ಇಳಿಸ್ತೀವಿ’ ಎಂದರೂ ಒಪ್ಪಬೇಡಿ. ವಾಹನಗಳು ಭರದಿಂದ ನುಗ್ಗುವ ಆ ರಸ್ತೆಯ ಅಂಚು ನಡೆಯುವ ಜಾಗವಲ್ಲ. ಊರೊಳಗಿನ ಬಸ್ ಸಿಗದಿದ್ದರೆ ರೈಲು ಹಿಡಿಯಿರಿ. ಶ್ರೀರಂಗಪಟ್ಟಣದ ರೈಲು ನಿಲ್ದಾಣದಿಂದ ರಂಗನಾಥಸ್ವಾಮಿ ದೇವಸ್ಥಾನ ಹತ್ತಿರ.

ಹೆಂಗಸರಿಗೆ ಈ ಬಸ್‌ಗಳೆಲ್ಲ ಫ್ರೀನಾ?

ಶಕ್ತಿ ಯೋಜನೆ 2023ರ ಜೂನ್ 11ರಿಂದ ಜಾರಿಯಲ್ಲಿದೆ. ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಟಿಕೆಟ್ ದುಡ್ಡಿಲ್ಲ. ರಾಜಹಂಸ, ಹವಾನಿಯಂತ್ರಿತ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ, ಖಾಸಗಿ ಬಸ್ಸಿಗಂತೂ ಇಲ್ಲವೇ ಇಲ್ಲ. ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಕೇಳಿ ಪಡೆದು, ಇಳಿಯುವವರೆಗೂ ಇಟ್ಟುಕೊಳ್ಳಿ. ಹಳ್ಳಿ ಕಡೆಯ ಕೊನೇ ಬಸ್ ಕೆಲವು ದಾರಿಗಳಲ್ಲಿ ಖಾಸಗಿಯವರದ್ದೇ ಆಗಿರುತ್ತದೆ. ಆದ್ದರಿಂದ ಹೆಂಗಸರೂ ನೂರು ರೂಪಾಯಿ ಚಿಲ್ಲರೆ ಇಟ್ಟುಕೊಂಡೇ ಹೊರಡುವುದು ಒಳ್ಳೆಯದು.

ಚೀಲದಲ್ಲಿ ಏನೇನಿರಬೇಕು? ಚಪ್ಪಲಿ ಸಾಕಾ?

ಅರ್ಧ ದಿನದ ನಡಿಗೆಗೆ ತಲೆಗೆ 2 ಲೀಟರ್ ನೀರು, ಚಳಿಗಾಲದಲ್ಲಾದರೆ ಒಂದೂವರೆ ಲೀಟರ್. ಹೊಳೆ ಪಕ್ಕದಲ್ಲೇ ಇದ್ದರೂ ಆ ನೀರು ಕುಡಿಯಲು ಆಗುವುದಿಲ್ಲ. ಸ್ನಾನ, ಬಟ್ಟೆ, ದನ, ಊರಿನ ಚರಂಡಿ ಎಲ್ಲವೂ ಅದಕ್ಕೇ ಸೇರುತ್ತವೆ. ಬುತ್ತಿಗೆ ಚಪಾತಿ, ಒಗ್ಗರಣೆ ಅವಲಕ್ಕಿ, ಸೌತೆಕಾಯಿ ಚೆನ್ನಾಗಿ ತಡೆಯುತ್ತವೆ. ಕಾಯಿ ಹಾಕಿದ ಚಿತ್ರಾನ್ನ ಮಾರ್ಚ್ ಬಿಸಿಲಿಗೆ ಮಧ್ಯಾಹ್ನದೊಳಗೆ ಹಳಸುತ್ತದೆ. ಒಂದು ಕೊಡೆ ಇರಲಿ: ಬಿಸಿಲಿಗೂ ಆಯಿತು, ಮಳೆಗೂ ಆಯಿತು, ಬೊಗಳುವ ನಾಯಿಯ ಮುಂದೆ ಹಿಡಿಯಲೂ ಆಯಿತು.

ಹಿಮ್ಮಡಿಗೆ ಪಟ್ಟಿಯಿರುವ ಸ್ಯಾಂಡಲ್ ಸಾಕು. ಹವಾಯಿ ಚಪ್ಪಲಿ ಬೇಡ. ಅದು ಕೆಸರಿನಲ್ಲಿ ಕಚ್ಚಿಕೊಂಡು ಉಂಗುಷ್ಠ ಕಿತ್ತು ಬರುತ್ತದೆ, ಪಾಚಿಗಟ್ಟಿದ ಮೆಟ್ಟಿಲ ಮೇಲೆ ಜಾರುತ್ತದೆ. ಹೊಸ ಶೂ ಹಾಕಿಕೊಂಡು 8 ಕಿ.ಮೀ. ನಡೆದರೆ ಬೊಬ್ಬೆ ಖಂಡಿತ, ಒಂದು ವಾರ ಮನೆಯಲ್ಲಿ ಹಾಕಿ ಪಳಗಿಸಿ.

ಒಬ್ಬಳೇ ಹೋಗ್ಬಹುದಾ?

ನಂಜನಗೂಡು, ಶ್ರೀರಂಗಪಟ್ಟಣ, ತಲಕಾಡುಗಳಲ್ಲಿ ಹಗಲು ಹೊತ್ತು ಯಾತ್ರಿಕರು, ಅಂಗಡಿಯವರು ಇದ್ದೇ ಇರುತ್ತಾರೆ. ಬೆಳಗಿನ ಹೊತ್ತು ಒಬ್ಬೊಬ್ಬರೇ ನಡೆಯುವ ಹೆಂಗಸರು ಅಲ್ಲಿ ಹೊಸಬರೇನಲ್ಲ. ದೂರದ ಕೆರೆ ಏರಿ, ಕಬ್ಬಿನ ಗದ್ದೆ ನಡುವಿನ ನಾಲೆ ದಾರಿಗೆ ಮಾತ್ರ ಒಬ್ಬರೇ ಹೋಗುವುದು ಬೇಡ. ಈ ಮಾತು ಗಂಡಸರಿಗೂ ಸೇರಿದ್ದು, ಕಾಲು ಉಳುಕಿದರೆ ಕೂಗು ಕೇಳಿಸುವಷ್ಟು ಹತ್ತಿರ ಯಾರೂ ಇರುವುದಿಲ್ಲ. ಶೌಚಾಲಯ ಬಸ್ ನಿಲ್ದಾಣದಲ್ಲಿ, ದೊಡ್ಡ ದೇವಸ್ಥಾನಗಳ ಹತ್ತಿರ, ರಂಗನತಿಟ್ಟಿನಲ್ಲಿ ಸಿಗುತ್ತದೆ. ಏರಿ ಮೇಲೆ ಎಲ್ಲೂ ಇಲ್ಲ. ಅದನ್ನು ಲೆಕ್ಕದಲ್ಲಿಟ್ಟುಕೊಂಡೇ ಹೊರಡಿ.

## ಒಂದೊಂದೇ ದಾರಿ

ಶ್ರೀರಂಗಪಟ್ಟಣದಲ್ಲಿ ಎಲ್ಲಿಂದ ಎಲ್ಲಿಗೆ ನಡೀಬೇಕು? ಸಂಗಮದಿಂದ ವಾಪಸ್ ಬರೋದೇ ಕಷ್ಟ ಅಂತಾರೆ.

ಕಷ್ಟವಾಗುವುದು ದಿಕ್ಕು ತಪ್ಪಾಗಿ ಹಿಡಿದವರಿಗೆ. ಕಾವೇರಿ ಇಲ್ಲಿ ಎರಡು ಕವಲಾಗಿ ಒಡೆದು ಊರನ್ನು ದ್ವೀಪ ಮಾಡಿದ್ದಾಳೆ. ಪಶ್ಚಿಮದ ತುದಿಯಲ್ಲಿ ಕೋಟೆ, ರಂಗನಾಥಸ್ವಾಮಿ ಗುಡಿ, ಬಸ್ ನಿಲ್ದಾಣ. ಎರಡೂ ಕವಲು ಮತ್ತೆ ಕೂಡುವ ಪೂರ್ವದ ತುದಿಯೇ ಸಂಗಮ. ಹೆಚ್ಚಿನವರು ದೇವಸ್ಥಾನದಿಂದ ಶುರು ಮಾಡಿ, ನೆತ್ತಿ ಸುಡುವ ಮಧ್ಯಾಹ್ನಕ್ಕೆ ಸಂಗಮ ಮುಟ್ಟಿ, ಅಲ್ಲಿ ಆಟೋದವರು ಹೇಳಿದ ದುಡ್ಡು ಕೊಟ್ಟು ಹಿಂದಿರುಗುತ್ತಾರೆ.

ತಿರುಗಿಸಿ ನಡೆಯಿರಿ. ಬೆಳಿಗ್ಗೆ ಬಸ್ಸಿಳಿದ ಕೂಡಲೇ ಆಟೋದಲ್ಲಿ ಸಂಗಮಕ್ಕೆ ಹೋಗಿ, ಅಲ್ಲಿಂದ ಪಶ್ಚಿಮಕ್ಕೆ ನಡೆದು ಬನ್ನಿ. ಬೆಳಗಿನ ಸೂರ್ಯ ಬೆನ್ನಿಗಿರುತ್ತಾನೆ, ಹೊಳೆ ಮೇಲಿನ ಹಕ್ಕಿಗಳು ಬೆಳಕಿನಲ್ಲಿ ಚೆನ್ನಾಗಿ ಕಾಣುತ್ತವೆ, ಸುಸ್ತಾಗುವ ಹೊತ್ತಿಗೆ ಬಸ್ ನಿಲ್ದಾಣ ಹತ್ತಿರ ಬಂದಿರುತ್ತದೆ. ಸಂಗಮದಿಂದ ಟಿಪ್ಪುವಿನ ಸಮಾಧಿಯಿರುವ ಗುಂಬಜ್, ಅಲ್ಲಿಂದ ಗಂಜಾಂ. ಊರಿನ ಪಕ್ಕದಲ್ಲಿ ಉತ್ತರದ ಕವಲಿನ ದಂಡೆಗೆ ನಿಮಿಷಾಂಬ ದೇವಸ್ಥಾನವಿದೆ. ಮುಂದೆ 1784ರಲ್ಲಿ ಟಿಪ್ಪು ಕಟ್ಟಿಸಿದ ದರಿಯಾ ದೌಲತ್, ಆಮೇಲೆ ಕೋಟೆ. ದಂಡೆಗಿಳಿಯುವ ಅಡ್ಡದಾರಿಗಳನ್ನೂ ಸೇರಿಸಿದರೆ 7 ಕಿ.ಮೀ. ಆಸುಪಾಸು. ನಿಂತು ನೋಡುತ್ತಾ ಬಂದರೆ ನಾಲ್ಕು ಗಂಟೆ.

ಉತ್ತರದ ಕವಲಿನ ಮೇಲೆ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಮುಗಿದ ವೆಲ್ಲೆಸ್ಲಿ ಸೇತುವೆಯನ್ನು ತಪ್ಪದೆ ನೋಡಿ. ಕಮಾನಿಲ್ಲ. ಇಡೀ ಕಲ್ಲಿನ ಕಂಬ ನಿಲ್ಲಿಸಿ ಮೇಲೆ ಕಲ್ಲಿನ ಹಾಸು ಹೊದಿಸಿದ್ದಾರೆ. ಸಂಗಮ ಮತ್ತು ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಡುವ ಕುಟುಂಬಗಳು ಇರುತ್ತವೆ. ಅವರ ಕಡೆ ಕ್ಯಾಮೆರಾ ತಿರುಗಿಸಬೇಡಿ.

ಕರಿಘಟ್ಟವನ್ನೂ ಅದೇ ದಿನ ಸೇರಿಸ್ಕೋಬಹುದಾ?

ಕಾಲು ಗಟ್ಟಿಯಿದ್ದರೆ ಸೇರಿಸಿಕೊಳ್ಳಬಹುದು, ಆದರೆ ಬೇರೆ ದಿನ ಇಟ್ಟುಕೊಂಡರೆ ಹೆಚ್ಚು ಸುಖ. ವೈಕುಂಠ ಶ್ರೀನಿವಾಸನ ಗುಡಿಗೆ ಸುಮಾರು 450 ಮೆಟ್ಟಿಲು, ಹಿರಿಯರಿಗಾಗಿ ಮೇಲಿನವರೆಗೆ ವಾಹನದ ರಸ್ತೆಯೂ ಇದೆ. ಲೋಕಪಾವನಿ ಬೆಟ್ಟದ ಬುಡದಲ್ಲಿ ಹರಿದು ಕಾವೇರಿಗೆ ಸೇರುವುದು ಮೇಲಿನಿಂದ ಕಾಣುತ್ತದೆ. ಕೆಳಗಿನಿಂದ ನೋಡಿದರೆ ಅದೊಂದು ಸಣ್ಣ ತೊರೆ, ಮೇಲೆ ನಿಂತಾಗಲೇ ಅದರ ಗದ್ದೆ ಬಯಲಿನ ಹರವು ಗೊತ್ತಾಗುವುದು. ಬೆಳಿಗ್ಗೆ 9ರೊಳಗೆ ಹತ್ತಿ ಮುಗಿಸಿ, ಕಲ್ಲು ಕಾದ ಮೇಲೆ ಬರಿಗಾಲಲ್ಲಿ ಗುಡಿ ಸುತ್ತುವುದು ಕಷ್ಟ. ಮಂಗಗಳಿವೆ, ತಿಂಡಿ ಚೀಲದೊಳಗೇ ಇರಲಿ.

ರಂಗನತಿಟ್ಟಲ್ಲಿ ನಡಿಗೆ ಮಾಡ್ಬಹುದಾ?

ನಡಿಗೆಗೆ ಅದು ಜಾಗವಲ್ಲ. ಒಳಗೆ ದಂಡೆಯುದ್ದಕ್ಕೂ ಚಿಕ್ಕ ದಾರಿ, ಕೂರಲು ನೆರಳು, ದೋಣಿ ಅಷ್ಟೇ. ಆದರೂ ಒಂದು ಸಲ ಹೋಗಲೇಬೇಕು. ಕಂಠೀರವ ನರಸರಾಜ ಒಡೆಯರ್ 1640ರ ದಶಕದಲ್ಲಿ ಹೊಳೆಗೆ ಒಡ್ಡು ಕಟ್ಟಿಸಿದಾಗ ಮೂಡಿದ ತಿಟ್ಟುಗಳಿವು. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ಮಹತ್ವದ ಜೌಗುಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸರ್ ಪಟ್ಟಿಗೆ ಸೇರಿತು. ಶ್ರೀರಂಗಪಟ್ಟಣದಿಂದ 3 ಕಿ.ಮೀ. ಚಿಲ್ಲರೆ. ಪಾಲಹಳ್ಳಿ ಕಡೆಗೆ ಹೋಗುವ ಬಸ್ಸಿನಲ್ಲಿ ‘ರಂಗನತಿಟ್ಟು ಗೇಟ್’ ಎಂದು ಹೇಳಿ ಇಳಿದರೆ ಒಳಗೆ ಸ್ವಲ್ಪ ದೂರ ನಡಿಗೆ. ಬಾಗಿಲು ತೆರೆದ ಕೂಡಲೇ ಹೋಗಿ ಮೊದಲ ದೋಣಿ ಹಿಡಿಯಿರಿ. ಭಾನುವಾರ 11 ಗಂಟೆಯ ಮೇಲೆ ಸಾಲೇ ಒಂದು ಗಂಟೆ ತಿನ್ನುತ್ತದೆ. ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟ ದಿನಗಳಲ್ಲಿ ದೋಣಿ ನಿಲ್ಲಿಸುತ್ತಾರೆ.

ನಂಜನಗೂಡಿನ ಅರ್ಧ ದಿನದ ದಾರಿ ಹೇಳಿ.

ಬಸ್ ನಿಲ್ದಾಣದಿಂದ ಶ್ರೀಕಂಠೇಶ್ವರನ ಗುಡಿ, ಗುಡಿಯ ಬಳಸಿನಿಂದ ಕಪಿಲಾ ಸ್ನಾನಘಟ್ಟ, ಅಲ್ಲಿ ಹದಿನಾರು ಕಾಲು ಮಂಟಪ, ಆಮೇಲೆ ದಂಡೆಗುಂಟ ಹಳೆ ಸೇತುವೆ ಕಾಣುವ ಕಡೆಗೆ. 1735ರಲ್ಲಿ ಕಟ್ಟಿದ ಆ ಸೇತುವೆಯ ಮೇಲೆ ಒಂದು ಕಾಲಕ್ಕೆ ರಸ್ತೆ, ರೈಲು ಎರಡೂ ಓಡಿವೆ. ಈಗ ಅದು ಪಾರಂಪರಿಕ ಕಟ್ಟಡ. ಗುಂಡ್ಲು ಹೊಳೆ ಕಪಿಲೆಯನ್ನು ಸೇರುವುದೂ ಈ ಊರ ಹತ್ತಿರವೇ. ಒಟ್ಟು 4 ಕಿ.ಮೀ. ದಾಟುವುದಿಲ್ಲ.

ಮಳೆಗಾಲದಲ್ಲಿ ಮಂಟಪವನ್ನೇ ಅಳತೆಗೋಲು ಮಾಡಿಕೊಳ್ಳಿ. ಕಂಬಗಳ ಬುಡಕ್ಕೆ ನೀರು ಬಂದಿದ್ದರೆ ಮೆಟ್ಟಿಲಿಳಿಯಬೇಡಿ. ಮಂಟಪ ಮುಳುಗುವ ಹಾಗಿದ್ದರೆ ಮೈಸೂರು ರಸ್ತೆಯ ಮಲ್ಲನಮೂಲೆ ಮಠದ ಹತ್ತಿರವೂ ನೀರು ನುಗ್ಗಿ ಬಸ್ಸುಗಳು ಸುತ್ತುಬಳಸಿ ಹೋಗಬೇಕಾಗುತ್ತದೆ. ಅಂಥ ದಿನ ಅಲ್ಲಿಗೆ ಹೋಗದಿರುವುದೇ ಸರಿ. ನೀರಿಳಿದ ಮೇಲೆ ಹೋದಾಗ ಊರಿನ ರಸಬಾಳೆ ಸಿಕ್ಕರೆ ತನ್ನಿ. ಎಲ್ಲ ಅಂಗಡಿಯಲ್ಲೂ ನಿಜವಾದದ್ದು ಸಿಗುವುದಿಲ್ಲ, ಕೇಳಿ ತೆಗೆದುಕೊಳ್ಳಬೇಕು.

ಬಲಮುರಿ, ಕೆಆರ್‌ಎಸ್ ಹಿನ್ನೀರು ಚೆನ್ನಾಗಿರುತ್ತಾ?

ಬಲಮುರಿ ಜಲಪಾತ ಎಂದು ಕರೆಸಿಕೊಂಡರೂ ನಿಜಕ್ಕೂ ಅದು ಹಳೆಯ ಕಟ್ಟೆ. ಕಾವೇರಿ ಅದರ ಮೈಮೇಲೆ ಬೆಳ್ಳಗೆ ಜಾರಿ ಇಳಿಯುತ್ತದೆ. ಮೈಸೂರು–ಕೆಆರ್‌ಎಸ್ ಬಸ್ಸಿನಲ್ಲಿ ಬಲಮುರಿ ತಿರುವಿಗೆ ಟಿಕೆಟ್ ಕೇಳಿ. ಎಡಮುರಿ ಪಕ್ಕದಲ್ಲೇ ಇದೆ, ಜನ ಕಡಿಮೆ. ಭಾನುವಾರ ಬಿಟ್ಟು ಹೋಗಿ. ಮೀನು ಫ್ರೈ ಅಂಗಡಿಗಳಿವೆ, ಊಟದ ಚಿಂತೆಯಿಲ್ಲ.

ಕೆಆರ್‌ಎಸ್‌ನಲ್ಲಿ ಅಣೆಕಟ್ಟೆಯ ಮೇಲೆ ಸಾರ್ವಜನಿಕರನ್ನು ಬಿಡುವುದಿಲ್ಲ, ಬೃಂದಾವನದ ಒಳಗೆ ಮಾತ್ರ ಓಡಾಟ. ಹಿನ್ನೀರು ನೋಡಬೇಕಿದ್ದರೆ ಹೊಸ ಕನ್ನಂಬಾಡಿ ಕಡೆಗೆ ಹೋಗಬೇಕು. ಅಣೆಕಟ್ಟೆಗಾಗಿ ಮುಳುಗಿದ್ದ ವೇಣುಗೋಪಾಲಸ್ವಾಮಿ ಗುಡಿಯನ್ನು ಕಲ್ಲು ಕಲ್ಲು ಬಿಚ್ಚಿ ತಂದು ಅಲ್ಲಿ ಮತ್ತೆ ಕಟ್ಟಿದ್ದಾರೆ. ಜಾಗ ಸೊಗಸು, ಬಸ್ ವ್ಯವಸ್ಥೆ ಮಾತ್ರ ತೀರಾ ಕಡಿಮೆ. ಕೆಆರ್‌ಎಸ್‌ನಿಂದ ಹೋಗಿಬರಲು ಆಟೋ ಮಾತಾಡಿಕೊಳ್ಳದೆ ಹೊರಡಬೇಡಿ.

ತೊಣ್ಣೂರು ಕೆರೆಗೆ ಬಸ್ ಇದೆಯಾ?

ಮೈಸೂರಿನಿಂದಲೋ ಶ್ರೀರಂಗಪಟ್ಟಣದಿಂದಲೋ ಪಾಂಡವಪುರಕ್ಕೆ ಬನ್ನಿ. ಅಲ್ಲಿನ ನಿಲ್ದಾಣದಲ್ಲಿ ‘ಕೆರೆತೊಣ್ಣೂರು’ ಎಂದೇ ಕೇಳಿ. ನೇರ ಬಸ್ ದಿನಕ್ಕೆ ಕೆಲವೇ, ಆಟೋ ಸಿಗುತ್ತವೆ. ಇಳಿದ ತಕ್ಷಣ ಮಾಡಬೇಕಾದ ಮೊದಲ ಕೆಲಸ: ಅಂಗಡಿಯವರ ಹತ್ತಿರ ವಾಪಸ್ ಬಸ್ಸಿನ ಹೊತ್ತು ಕೇಳಿ ಬರೆದುಕೊಳ್ಳುವುದು.

ಬೆಟ್ಟಗಳ ಸಂದಿಗೆ ಏರಿ ಕಟ್ಟಿ ಮಾಡಿದ ಕೆರೆ ಇದು. ರಾಮಾನುಜಾಚಾರ್ಯರ ಹೆಸರಿನೊಂದಿಗೆ ಬೆಸೆದುಕೊಂಡಿದೆ. ತಿರುಮಲಸಾಗರ ಎಂಬುದು ಹಳೆಯ ಹೆಸರು, ನೀರಿನ ತಿಳಿ ಕಂಡು ಇಟ್ಟದ್ದು ಮೋತಿ ತಲಾಬ್. ಊರೊಳಗಿನ ನಂಬಿನಾರಾಯಣ, ವೇಣುಗೋಪಾಲ ಗುಡಿಗಳನ್ನು ನೋಡಿ, ಏರಿ ಮೇಲೆ ತುದಿಯಿಂದ ತುದಿಗೆ ನಡೆದು ಬನ್ನಿ. ತಿಳಿನೀರಿಗೆ ಮರುಳಾಗಬೇಡಿ. ತಳ ಕಾಣುವಷ್ಟು ತಿಳಿಯಿದ್ದರೆ ಆಳ ಕಡಿಮೆ ಎಂದು ಕಣ್ಣು ನಂಬುತ್ತದೆ, ಬಂಡೆಯ ಅಂಚಿನಿಂದ ಒಂದೇ ಹೆಜ್ಜೆಗೆ ಆಳ ಶುರುವಾಗುತ್ತದೆ. ಪ್ರಾಣ ಹೋಗಿರುವುದೆಲ್ಲ ಹೀಗೆಯೇ.

ತಿ. ನರಸೀಪುರ, ತಲಕಾಡು ಒಂದೇ ದಿನದಲ್ಲಿ ಆಗುತ್ತಾ?

ಬೆಳಿಗ್ಗೆ 7ಕ್ಕೆ ಮೈಸೂರು ಬಿಟ್ಟರೆ ಆಗುತ್ತದೆ. ಮೊದಲು ತಲಕಾಡಿಗೆ ಹೋಗಿ, ಹಿಂದಿರುಗುವಾಗ ನರಸೀಪುರದಲ್ಲಿ ಇಳಿಯಿರಿ. ತಲಕಾಡಿನ ಮರಳು ಬೆಳಿಗ್ಗೆ ತಣ್ಣಗಿರುತ್ತದೆ, ಬೇಸಿಗೆಯಲ್ಲಿ 11ರ ಮೇಲೆ ಅಂಗಾಲು ಸುಡುತ್ತದೆ. ಜೊತೆಗೆ, ನರಸೀಪುರ ದೊಡ್ಡ ಊರು, ಸಂಜೆ ಮೈಸೂರಿಗೆ ಬಸ್ ಖಂಡಿತ ಸಿಗುತ್ತದೆ. ತಲಕಾಡಿನಲ್ಲಿ ಪಾತಾಳೇಶ್ವರ, ಮರುಳೇಶ್ವರ, ವೈದ್ಯನಾಥೇಶ್ವರ, ಕೀರ್ತಿನಾರಾಯಣ ಗುಡಿಗಳನ್ನು ಸುತ್ತಿ ಹೊಳೆಗೆ ಬಂದರೆ ಎರಡೂವರೆ ಗಂಟೆ. ಮರಳಿನಲ್ಲಿ ನಡಿಗೆಯ ವೇಗ ಅರ್ಧಕ್ಕಿಳಿಯುತ್ತದೆ ಎನ್ನುವುದು ನೆನಪಿರಲಿ. ಆಸಕ್ತಿಯಿದ್ದವರು ದಾರಿಯಲ್ಲಿ ಮುಡುಕುತೊರೆಗೆ ಇಳಿದು ಮಲ್ಲಿಕಾರ್ಜುನನ ಬೆಟ್ಟ ಹತ್ತಿ ಕಾವೇರಿಯ ತಿರುವು ನೋಡಬಹುದು.

ನರಸೀಪುರದಲ್ಲಿ ಗುಂಜಾ ನರಸಿಂಹನ ಗುಡಿಯ ಮುಂದಿನ ಮೆಟ್ಟಿಲುಗಳೇ ಸಾಕಷ್ಟು. ಕಾವೇರಿ, ಕಪಿಲೆ ಕೂಡುವುದು ಕಣ್ಣೆದುರಿಗೆ ಕಾಣುತ್ತದೆ. ಮೂರನೆಯದು ಸ್ಫಟಿಕ ಸರೋವರ, ಅದು ಕಣ್ಣಿಗೆ ಕಾಣದ್ದು ಎನ್ನುತ್ತಾರೆ. 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುವುದು ಇಲ್ಲಿಯೇ.

ಹಕ್ಕಿಗಳಿಗೋಸ್ಕರವೇ ಹೋಗೋದಾದ್ರೆ?

ಕೊಕ್ಕರೆಬೆಳ್ಳೂರು ಮತ್ತು ಹದಿನಾರು ಎಂಬ ಊರಿನ ಕೆರೆ. ಕೊಕ್ಕರೆಬೆಳ್ಳೂರು ಶಿಂಷಾ ಹೊಳೆಯ ಹತ್ತಿರ, ಮದ್ದೂರಿನಿಂದ ಬಸ್ ಇದೆ. ಹಳೆಯ ಬೆಂಗಳೂರು ರಸ್ತೆಯ ರುದ್ರಾಕ್ಷಿಪುರದಲ್ಲಿ ಇಳಿದರೆ ಅಲ್ಲಿಂದ ಸುಮಾರು 12 ಕಿ.ಮೀ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರ, ಆಲದ ಮರಗಳಲ್ಲೇ ಗೂಡು ಕಟ್ಟುತ್ತವೆ. ಜನವರಿಯಿಂದ ಏಪ್ರಿಲ್ ಒಳ್ಳೆಯ ಕಾಲ. ಮನೆಯಂಗಳಗಳ ನಡುವೆ ನಡೆಯುತ್ತಿದ್ದೀರಿ ಎಂಬುದು ಗಮನದಲ್ಲಿರಲಿ. ಮನೆಯವರನ್ನು ಕೇಳಿಯೇ ಒಳಗೆ ಕಾಲಿಡಿ. ಮರದ ಕೆಳಗೆ ತಲೆಗೆ ಟೋಪಿ ಇಲ್ಲದೆ ನಿಲ್ಲಬೇಡಿ.

ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಡಿಸೆಂಬರ್ ಕೊನೆಯಿಂದ ಫೆಬ್ರವರಿ ಒಳಗೆ ಹೋಗಬೇಕು. ಹೆಬ್ಬಾತುಗಳು ಹಗಲು ನೀರಿನಲ್ಲಿ ವಿರಮಿಸುತ್ತವೆ. ಅಂಚಿಗೆ ಇಳಿದು ಹತ್ತಿರ ಹೋದರೆ ಹಿಂಡೇ ಎದ್ದುಬಿಡುತ್ತದೆ. ಏರಿ ಮೇಲೆ ಒಂದು ಮರದ ಮರೆಗೆ ಕೂತು ಅರ್ಧ ಗಂಟೆ ಅಲುಗಾಡದಿದ್ದರೆ ಅವೇ ಹತ್ತಿರ ತೇಲಿ ಬರುತ್ತವೆ. ನಾಮದ ಕೋಳಿ, ಗುಳುಮುಳುಕ, ಹಾವಕ್ಕಿ, ನೀರುಕಾಗೆಗಳಂತೂ ವರ್ಷವಿಡೀ ಇರುತ್ತವೆ.

## ನೀರಿನ ಲೆಕ್ಕ, ಅಪಾಯದ ಲೆಕ್ಕ

ಯಾವ ತಿಂಗಳು ಒಳ್ಳೇದು?

ನವೆಂಬರ್‌ನಿಂದ ಫೆಬ್ರವರಿ. ಕೆರೆ ತುಂಬಿರುತ್ತದೆ, ಭತ್ತದ ಕೊಯ್ಲು, ಹಕ್ಕಿ, ತಂಪು ಎಲ್ಲ ಒಟ್ಟಿಗೆ ಸಿಗುತ್ತದೆ. ಮಾರ್ಚ್‌ನಿಂದ ಮೇ ತನಕ 10 ಗಂಟೆಯೊಳಗೆ ಮುಗಿಸಿ. ಏಪ್ರಿಲ್, ಮೇ ಸಂಜೆ ಗುಡುಗು ಸಿಡಿಲಿನ ಮಳೆ ಬರುತ್ತದೆ, ಬಯಲಿನಂಥ ಏರಿ ಮೇಲೆ ಆಗ ಇರಬಾರದು. ಜುಲೈ, ಆಗಸ್ಟ್ ಹೊಳೆಯನ್ನು ದೂರದಿಂದ ನೋಡುವ ಕಾಲ.

ಪೇಪರಲ್ಲಿ ಒಳಹರಿವು, ಹೊರಹರಿವು ಅಂತ ಬರುತ್ತಲ್ಲ, ಅದನ್ನ ಹೇಗೆ ಓದೋದು?

ಮಳೆಗಾಲದಲ್ಲಿ ಹೊರಡುವ ದಿನ ಬೆಳಿಗ್ಗೆ ಓದಲೇಬೇಕಾದ ನಾಲ್ಕು ಸಾಲು ಅವು. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ, ಇದು ನದಿಯ ತಳದಿಂದ ಅಳೆದದ್ದು. ಕಬಿನಿ ಎಂದರೆ ಕಪಿಲೆಗೆ ಕಟ್ಟಿದ ಅಣೆಕಟ್ಟೆ, ಅದರ 2,284 ಅಡಿ ಸಮುದ್ರ ಮಟ್ಟದಿಂದ ಅಳೆದದ್ದು. ಎರಡನ್ನೂ ಹೋಲಿಸಿ ಗಾಬರಿಯಾಗಬೇಡಿ. ಮಟ್ಟ 100 ಅಡಿಯಿದ್ದಾಗ ಒಳಹರಿವು ಎಷ್ಟೇ ಬಂದರೂ ಅಣೆಕಟ್ಟೆ ಅದನ್ನು ಹಿಡಿದುಕೊಳ್ಳುತ್ತದೆ. 123 ದಾಟಿದ ಮೇಲೆ ಬಂದಷ್ಟನ್ನೂ ಬಿಡಬೇಕಾಗುತ್ತದೆ, ಅದೂ ಅದೇ ದಿನ. ಆದ್ದರಿಂದ ಮಟ್ಟ ಮತ್ತು ಒಳಹರಿವನ್ನು ಕೂಡಿಸಿ ಓದಿ. ಅಣೆಕಟ್ಟೆ ತುಂಬಿರುವಾಗ ಕೊಡಗಿನಲ್ಲಿ ಜೋರು ಮಳೆಯೆಂದರೆ ನಾಳೆ ಶ್ರೀರಂಗಪಟ್ಟಣದ ಸ್ನಾನಘಟ್ಟಕ್ಕೆ ಇಳಿಯಬಾರದು ಎಂದರ್ಥ.

ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. 10,000 ಕ್ಯುಸೆಕ್ ಬಿಟ್ಟಾಗ ಸೆಕೆಂಡಿಗೆ 2 ಲಕ್ಷ 80 ಸಾವಿರ ಲೀಟರ್ ನಿಮ್ಮ ಮುಂದೆ ಹಾದುಹೋಗುತ್ತಿರುತ್ತದೆ. ಇನ್ನೊಂದು ಸೂಕ್ಷ್ಮ: ಹೊರಹರಿವಿನಲ್ಲಿ ನಾಲೆಗಳಿಗೆ ಬಿಟ್ಟದ್ದೂ ಸೇರಿರಬಹುದು. ಬೇಸಿಗೆಯಲ್ಲಿ ‘ಹೊರಹರಿವು ಹೆಚ್ಚಳ’ ಎಂದು ಓದಿ ಹೋದರೆ ಹೊಳೆ ಬತ್ತಿ, ನಾಲೆ ತುಂಬಿರುವುದು ಇದಕ್ಕೇ. ನರಸೀಪುರ, ತಲಕಾಡಿಗೆ ಹೋಗುವವರು ಎರಡೂ ಅಣೆಕಟ್ಟೆಗಳ ಲೆಕ್ಕ ನೋಡಬೇಕು. ಎರಡು ಹೊಳೆಯ ನೀರೂ ಅಲ್ಲಿ ಒಂದಾಗುತ್ತದೆ.

ಈಜು ಚೆನ್ನಾಗಿ ಬರುತ್ತೆ. ಆದ್ರೂ ಇಳೀಬಾರ್ದಾ?

ಇಳಿಯಬಾರದು. ಕಟ್ಟೆಯಿಂದ ಧುಮುಕುವ ನೀರು ಬುಡವನ್ನು ಕೊರೆದು ಮಡು ಮಾಡಿರುತ್ತದೆ. ಅಲ್ಲಿ ನೀರು ಉರುಳಿ ಮತ್ತೆ ಕಟ್ಟೆಯ ಕಡೆಗೇ ಎಳೆಯುತ್ತದೆ, ಈಜುಗಾರನನ್ನೂ ಹೊರಗೆ ಬಿಡುವುದಿಲ್ಲ. ಮರಳು ತೆಗೆದ ಕಡೆ ಮೊಣಕಾಲುದ್ದದ ನೀರಿನ ಪಕ್ಕದಲ್ಲೇ ಆಳುದ್ದ ಗುಂಡಿ ಇರುತ್ತದೆ. ಮೇಲಿನಿಂದ ನೀರು ಬಿಟ್ಟರೆ ನಡುಬಂಡೆಯ ಮೇಲೆ ಕೂತವರಿಗೆ ದಂಡೆಗೆ ಬರಲು ದಾರಿಯೇ ಉಳಿಯುವುದಿಲ್ಲ.

ಒಬ್ಬರು ಮುಳುಗಿದಾಗ ಉಳಿಸಲು ಹೋಗಿ ಇಬ್ಬರು ಮೂವರು ಹೋಗುವುದು ಈ ಹೊಳೆಗಳ ದೊಡ್ಡ ದುಃಖ. ನೀರಿಗೆ ಹಾರಬೇಡಿ. ಪಂಚೆ, ಸೀರೆ, ದುಪ್ಪಟ್ಟ, ಉದ್ದ ಕೋಲು, ಏನಿದ್ದರೆ ಅದನ್ನು ಎಸೆಯಿರಿ. ಮುಚ್ಚಳ ಬಿಗಿದ 5 ಲೀಟರಿನ ಖಾಲಿ ಕ್ಯಾನು ಒಬ್ಬರನ್ನು ತೇಲಿಸಿ ಹಿಡಿಯುತ್ತದೆ. ನೀವು ದಂಡೆ ಮೇಲೆ ಮಲಗಿ ಎಳೆಯಿರಿ, ನಿಂತರೆ ನಿಮ್ಮನ್ನೇ ಎಳೆದುಕೊಳ್ಳುತ್ತಾರೆ. ಇನ್ನೊಬ್ಬರು 112ಕ್ಕೆ ಫೋನ್ ಮಾಡಲಿ, ಆಂಬುಲೆನ್ಸಿಗೆ 108.

ಮೊಸಳೆ, ಹಾವು, ಚಿರತೆ ಇವೆಯಂತೆ, ನಿಜವಾ?

ಮೂರೂ ಇವೆ. ಮೊಸಳೆ ರಂಗನತಿಟ್ಟಿಗೆ ಸೀಮಿತವಲ್ಲ, ಕಾವೇರಿಯ ಆಳ ಮಡುಗಳಲ್ಲಿ ಎಲ್ಲಿಯೂ ಇರಬಹುದು. ಚಳಿಗಾಲದ ಬೆಳಿಗ್ಗೆ ಬಂಡೆ ಮೇಲೆ ಬಿಸಿಲು ಕಾಯಿಸುತ್ತದೆ. ಜೊಂಡು ಬೆಳೆದ, ನೀರು ಕಪ್ಪಗೆ ನಿಂತ ಅಂಚಿನಲ್ಲಿ ಕೂತು ಕಾಲು ಇಳಿಬಿಡಬೇಡಿ. ಗದ್ದೆ ಬದುಗಳಲ್ಲಿ ಕೊಳಕುಮಂಡಲ ಸಾಮಾನ್ಯ. ಕತ್ತಲಾದ ಮೇಲೆ ಟಾರ್ಚಿಲ್ಲದೆ ಬದು ತುಳಿಯಬೇಡಿ. ಕಚ್ಚಿದರೆ ಕಟ್ಟು ಬಿಗಿಯುವುದು, ಕುಯ್ಯುವುದು ಬೇಡ. ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗಾಡಿಸದೆ ನೇರ ತಾಲ್ಲೂಕು ಆಸ್ಪತ್ರೆಗೆ ಒಯ್ಯಿರಿ.

ಚಿರತೆ ಕಬ್ಬಿನ ಗದ್ದೆಯಲ್ಲಿ ಮರಿ ಹಾಕುತ್ತದೆ. ತಿ. ನರಸೀಪುರ ತಾಲ್ಲೂಕಿನಲ್ಲಿ 2022–23ರಲ್ಲಿ ಅದರ ದಾಳಿಗೆ ಜನ ಬಲಿಯಾದರು. ಸಂಜೆ 5ರ ಮೇಲೆ ಕಬ್ಬಿನ ನಡುವಿನ ದಾರಿ ಬೇಡ, ಮಕ್ಕಳು ಮುಂದೆ ಓಡುವುದು ಯಾವ ಹೊತ್ತಿನಲ್ಲೂ ಬೇಡ. ಇವೆಲ್ಲಕ್ಕಿಂತ ಹೆಚ್ಚು ಸಲ ಎದುರಾಗುವುದು ಹೆಜ್ಜೇನು: ಹಳೆಯ ಸೇತುವೆ, ಗೋಪುರ, ದೊಡ್ಡ ಮರಗಳನ್ನು ಮೊದಲು ತಲೆಯೆತ್ತಿ ನೋಡಿ. ಕಾಡುಹಂದಿಗೆಂದು ಕಟ್ಟಿದ ತಂತಿಯಲ್ಲಿ ಕಳ್ಳ ಕರೆಂಟ್ ಹರಿಯುತ್ತಿರಬಹುದು. ಯಾವ ತಂತಿ ಬೇಲಿಯನ್ನೂ ದಾಟಬೇಡಿ.

ನಾಲೆ ಏರಿ ಮೇಲೆ ನಡೆಯೋದು ಸುರಕ್ಷಿತವಾ?

ಸಣ್ಣ ನಾಲೆಗಳಲ್ಲಿ ಹೌದು. ವಿರಿಜಾ, ಚಿಕ್ಕದೇವರಾಯಸಾಗರ, ಬಂಗಾರದೊಡ್ಡಿ ನಾಲೆಗಳ ಮಣ್ಣಿನ ಏರಿ ಹೊಂಗೆ ಮರದ ನೆರಳಲ್ಲಿ ಸಾಗುತ್ತದೆ. ಈ ಸೀಮೆಯ ಅತ್ಯುತ್ತಮ ನಡಿಗೆಗಳು ಸಿಗುವುದು ಅಲ್ಲೇ ಎನ್ನುವುದು ನಮ್ಮ ಅಭಿಪ್ರಾಯ. ವಿಶ್ವೇಶ್ವರಯ್ಯ ನಾಲೆ ಬೇರೆ. ಅದು ಆಳ, ಗೋಡೆ ಇಳಿಜಾರು, ಸಿಮೆಂಟಿನ ಮೈಗೆ ಪಾಚಿ, ಬಿದ್ದವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಅಂಚಿನಿಂದ ಎರಡು ಮಾರು ದೂರದಲ್ಲೇ ನಡೆಯಿರಿ. ಕಟ್ಟು ನೀರು ಪದ್ಧತಿಯಲ್ಲಿ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುತ್ತಾರೆ. ನಿನ್ನೆ ಒಣಗಿದ್ದ ನಾಲೆ ಇಂದು ತುಂಬಿ ಹರಿಯಬಹುದು, ಆದ್ದರಿಂದ ಒಳಗಿಳಿದು ದಾಟುವ ಅಡ್ಡದಾರಿ ಹಿಡಿಯಬೇಡಿ.

## ಇನ್ನೊಂದು ಹೆಜ್ಜೆ ಮುಂದೆ

ಹೋದ ದಾರಿಯಲ್ಲೇ ವಾಪಸ್ ಬರೋಕೆ ಬೇಜಾರು. ಒಂದು ಕಡೆ ಇಳಿದು ಇನ್ನೊಂದು ಕಡೆ ಬಸ್ ಹತ್ತೋ ಹಾಗೆ ಹೇಗೆ ಯೋಜನೆ ಮಾಡೋದು?

ಬಸ್ ಕಡಿಮೆ ಇರುವ ಕಡೆ ಇಳಿಯಿರಿ, ಬಸ್ ಹೆಚ್ಚಿರುವ ಕಡೆಗೆ ನಡೆಯಿರಿ. ಬೆಳಗಿನ ಬಸ್ ತಡವಾದರೆ ಮನೆ ಹತ್ತಿರವೇ ಕಾಯುತ್ತೀರಿ, ಸಂಜೆಯದು ತಪ್ಪಿದರೆ ಹಳ್ಳಿಯಲ್ಲಿ ಉಳಿಯುತ್ತೀರಿ. ಆಮೇಲೆ ಕೊನೇ ಬಸ್ಸಿನಿಂದ ಹಿಂದಕ್ಕೆ ಎಣಿಸಿ. ಉದಾಹರಣೆಗೆ ಕೊನೇ ಬಸ್ 6ಕ್ಕೆ ಎನ್ನಿ. ಅದನ್ನು ಲೆಕ್ಕಕ್ಕೇ ಹಿಡಿಯಬೇಡಿ, ಅದಕ್ಕಿಂತ ಹಿಂದಿನದು 4.30ರದ್ದು ನಿಮ್ಮ ಬಸ್. ಅದಕ್ಕೆ ಮುಕ್ಕಾಲು ಗಂಟೆ ಮೊದಲು, ಅಂದರೆ 3.45ಕ್ಕೆ ರಸ್ತೆಯಲ್ಲಿರಬೇಕು. ಟಾರು ರಸ್ತೆಯಲ್ಲಿ ಗಂಟೆಗೆ 4 ಕಿ.ಮೀ., ಏರಿ ಮತ್ತು ಬಂಡಿ ಜಾಡಿನಲ್ಲಿ 3, ಮಕ್ಕಳೋ ದುರ್ಬೀನೋ ಜೊತೆಗಿದ್ದರೆ 2. ಹೊಳೆದಂಡೆಯ 6 ಕಿ.ಮೀ.ಗೆ ಊಟ ಸೇರಿ ಮೂರು ಗಂಟೆ ಹಿಡಿದರೆ 12.45ರೊಳಗೆ ನಡೆಯಲು ಶುರು ಮಾಡಿರಬೇಕು.

ರಾತ್ರಿ ಹಾಲ್ಟ್ ಬಸ್ಸೆಂದರೆ ಊರಿಗೆ ಬಂದು ಅಲ್ಲೇ ತಂಗಿ ಬೆಳಿಗ್ಗೆ ಹಿಂದಿರುಗುವುದು. ಸಂಜೆ 7ಕ್ಕೆ ಬಸ್ ಇದೆ ಎಂದು ಯಾರಾದರೂ ಹೇಳಿದರೆ ಅದು ‘ಬರೋದಾ, ಹೋಗೋದಾ’ ಎಂದು ಮರೆಯದೆ ಕೇಳಿ. ಎಲ್ಲ ಕೈಕೊಟ್ಟರೆ ಮದ್ದೂರು, ಪಾಂಡವಪುರ, ಶ್ರೀರಂಗಪಟ್ಟಣ, ನಂಜನಗೂಡುಗಳ ರೈಲು ನಿಲ್ದಾಣಗಳು ನೆನಪಿರಲಿ.

ಕೆರೆಯನ್ನ ಪೂರ್ತಿ ಒಂದು ಸುತ್ತು ಹಾಕ್ಬಹುದಾ?

ಊರೊಳಗಿನ ಕೆರೆಗಳಲ್ಲಿ ಹಾಕಬಹುದು, ಹಳ್ಳಿ ಕೆರೆಯಲ್ಲಿ ಸಾಮಾನ್ಯವಾಗಿ ಆಗುವುದಿಲ್ಲ. ಹಳ್ಳಿ ಕೆರೆಗೆ ಗಟ್ಟಿ ದಂಡೆ ಇರುವುದು ಏರಿಯ ಒಂದು ಕಡೆ ಮಾತ್ರ. ಎದುರು ಬದಿ ನೀರು ಹರಡಿ ತೆಳುವಾಗುವ ಅಂಗಳ. ಅಲ್ಲಿನ ಹೂಳು ಮೇಲೆ ಒಣಗಿ ಬಿರುಕು ಬಿಟ್ಟಂತೆ ಕಂಡರೂ ಒಳಗೆ ಹಸಿ ಕೆಸರು, ಮೊಣಕಾಲವರೆಗೆ ಹೂತುಕೊಳ್ಳುತ್ತದೆ. ಕೋಲಿನಿಂದ ಚುಚ್ಚಿ ನೋಡಿ: ಒಂದು ಗೇಣು ಸಲೀಸಾಗಿ ಇಳಿದರೆ ಹಿಂದಿರುಗಿ. ಕೋಡಿ ಹರಿಯುತ್ತಿದ್ದರೆ ಪಾದ ಮುಳುಗುವಷ್ಟೇ ನೀರಿದ್ದರೂ ದಾಟಬೇಡಿ. ಕೋಡಿ ಕಲ್ಲಿನ ಪಾಚಿಯಷ್ಟು ಜಾರುವುದು ಬೇರೊಂದಿಲ್ಲ. ಏರಿ ಮೇಲೆ ಹೋಗಿ, ತೂಬು ನೋಡಿ, ಏರಿ ಕೆಳಗಿನ ಅಚ್ಚುಕಟ್ಟಿನ ದಾರಿಯಲ್ಲಿ ಹಿಂದಿರುಗಿದರೆ ಅದೇ ಚೆಂದದ ಸುತ್ತು: ಒಂದು ಕಡೆ ನೀರು, ಇನ್ನೊಂದು ಕಡೆ ಅದೇ ನೀರು ಬೆಳೆಸಿದ ಹಸಿರು.

ಗದ್ದೆ ಬದು ಮೇಲೆ ನಡೆದ್ರೆ ಬೈತಾರಾ?

ಹೊಸದಾಗಿ ಕೆಸರು ಮೆತ್ತಿದ ಬದು ತುಳಿದರೆ ಬೈಯುತ್ತಾರೆ, ಬೈಯಲೂಬೇಕು. ಅದು ಒಡೆದರೆ ಗದ್ದೆಯ ನೀರು ಪಕ್ಕದವನಿಗೆ ಹೋಗುತ್ತದೆ, ನಾಟಿ ಒಣಗುತ್ತದೆ. ಹುಲ್ಲು ಬೆಳೆದು ಸವೆದ ಬದುವಿದ್ದರೆ ಅದು ಎಲ್ಲರೂ ನಡೆಯುವ ದಾರಿ. ದೂರದಿಂದಲೇ ‘ಯಜಮಾನ್ರೇ, ಈ ಕಡೆ ಹೋಗ್ಬೋದಾ?’ ಎಂದು ಕೂಗಿ ಕೇಳಿದರೆ ಬೇಡ ಎನ್ನುವವರು ಕಡಿಮೆ. ಒಣ ಹುಲ್ಲಿನ ಮೆದೆ, ಸೋಗೆ ಹತ್ತಿರ ಬೀಡಿ ಸಿಗರೇಟು ಬೇಡ. ಕಬ್ಬು, ಎಳನೀರು ಬೇಕಿದ್ದರೆ ಕೇಳಿ ದುಡ್ಡು ಕೊಡಿ. ಘಟ್ಟದಲ್ಲಿ ಹೆಂಗಸರು ಸ್ನಾನ ಮಾಡುತ್ತಿದ್ದರೆ, ಬಟ್ಟೆ ಒಗೆಯುತ್ತಿದ್ದರೆ ಅಲ್ಲಿ ನಿಲ್ಲದೆ ದಾಟಿಹೋಗಿ.

ಹೊಸ ದಾರಿ ನಾವೇ ಹುಡುಕೋದು ಹೇಗೆ?

ಉಪಗ್ರಹ ನಕ್ಷೆ ತೆರೆದು ಬಸ್ ರಸ್ತೆ ಕೆರೆಗೆ ತಾಗುವ ಜಾಗ ಹುಡುಕಿ. ನೇರ ಗೆರೆಯಂಥ ಅಂಚು ಕಂಡರೆ ಅದೇ ಏರಿ. ಡೊಂಕುಡೊಂಕಾಗಿ ಸಾಗುವ ಮರದ ಸಾಲು ಹಳೆಯ ನಾಲೆ. ಆ ನಾಲೆ ಇನ್ನೊಂದು ಬಸ್ ರಸ್ತೆಯನ್ನು ಎಲ್ಲಿ ದಾಟುತ್ತದೋ ಅಲ್ಲಿಗೆ ನಡಿಗೆ ಮುಗಿಯಲಿ, ನಡುವಿನ ದೂರ 8 ಕಿ.ಮೀ. ಮೀರದಿರಲಿ. ನಕ್ಷೆ ಯಾವ ತಿಂಗಳದ್ದೆಂದು ನೋಡಿ, ಬೇಸಿಗೆಯ ಚಿತ್ರದಲ್ಲಿ ಕಾಣುವ ಕಾಲುಹಾದಿ ಅಕ್ಟೋಬರ್‌ನಲ್ಲಿ ನೀರಿನಡಿ ಇರುತ್ತದೆ. ಮೊದಲ ಸಲ ಬಸ್ಸಿನಲ್ಲೇ ಹೋಗಿ ಎರಡೂ ತುದಿ ನೋಡಿ ಬನ್ನಿ, ಎರಡನೇ ಸಲ ನಡೆಯಿರಿ.

ನಕ್ಷೆ ಹೇಳದ್ದನ್ನು ಊರವರು ಹೇಳುತ್ತಾರೆ. ‘ಎಷ್ಟು ದೂರ’ ಎಂದರೆ ‘ಇಲ್ಲೇ, ಒಂದು ಕೂಗಳತೆ’ ಎಂಬ ಉತ್ತರ ಬರುತ್ತದೆ. ಅದು ಅರ್ಧ ಕಿಲೋಮೀಟರೂ ಆಗಬಹುದು, ಮೂರೂ ಆಗಬಹುದು. ‘ನಡೆದು ಹೋದ್ರೆ ಎಷ್ಟೊತ್ತಾಗುತ್ತೆ’ ಎಂದು ಕೇಳಿ, ಅವರು ಹೇಳಿದ ಹೊತ್ತಿಗೆ ಇನ್ನರ್ಧ ಸೇರಿಸಿಕೊಳ್ಳಿ.